ಕತ್ತಲಲ್ಲಿ ಕೈಗೆ ಸಿಗುವ ಗುಂಡಿ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಈ ಶಾಲೆಯಿಂದ 2004ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಗ ನಮ್ಮೂರು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ ಮಾಡುತ್ತಿದ್ದೇನೆ. ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಮಕ್ಕಳಿಗೆ ಉಪಯೋಗ ಆಗುವಂಥದ್ದು ಏನಾದರೂ ಮಾತಾಡಪ್ಪ" ಎಂದರು. ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡುತ್ತೇನೆ ಎಂದು ಅವರು ನಿರೀಕ್ಷಿಸಿದ್ದರೋ ಏನೋ. ನಾನು ಗುಂಡಿಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಿ ಗುಂಡಿಯೋ?" ಎಂದು ಕೇಳಿದರು. ಅಲ್ಲ, ಮೊಬೈಲಿನ ಗುಂಡಿ. ಅದರ ಪಕ್ಕದಲ್ಲಿರುವ ಚಾರ್ಜರಿನ ತೂತು. ಇವು ಎಲ್ಲಿರಬೇಕು, ಹೇಗಿರಬೇಕು ಎಂಬ ಮಾತು. ಇದು ಸಣ್ಣ ವಿಷಯ ಅಂತ ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಹಾಗಲ್ಲ ಎಂದು ನನಗೆ ಗೊತ್ತಾದದ್ದು ಇದೇ ಶಾಲೆಯ ಒಂದು ಕೋಣೆಯಿಂದ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನಮ್ಮ ಹೊಲಕ್ಕೆ ಹೋಗೋಣ. ಇಲ್ಲಿ ಕುಳಿತಿರುವ ರೈತರೆಲ್ಲರಿಗೂ ಪಂಪ್‌ಸೆಟ್ಟಿನ ಸ್ಟಾರ್ಟರ್ ಗೊತ್ತು. ರಾತ್ರಿ ಎರಡಕ್ಕೆ ಮೂರು ಫೇಸ್ ಕರೆಂಟು ಬಂದಾಗ ಕಬ್ಬಿನ ನಡುವೆ ಹೋಗಿ ಹಸಿರು ಗುಂಡಿ ಒತ್ತುತ್ತೀರಿ. ಕತ್ತಲಲ್ಲಿ ಹಸಿರು ಯಾವುದು, ಕೆಂಪು ಯಾವುದು? ಕಣ್ಣಿಗೆ ಕಾಣುವುದಿಲ್ಲ, ಆದರೆ ಬೆರಳಿಗೆ ಗೊತ್ತಾಗುತ್ತದೆ. ಸರಿಯಾಗಿ ಮಾಡಿದ ಸ್ಟಾರ್ಟರಿನಲ್ಲಿ ಚಾಲೂ ಮಾಡುವ ಗುಂಡಿ ಒಳಗೆ ಕೂತಿರುತ್ತದೆ, ಬಂದ್ ಮಾಡುವ ಗುಂಡಿ ಹೊರಗೆ ಚಾಚಿರುತ್ತದೆ. ಯಾಕೆ? ಮೈ ತಗುಲಿ, ಟವೆಲ್ ತಗುಲಿ ಮೋಟಾರು ತಾನಾಗಿ ಚಾಲೂ ಆಗಬಾರದು. ಆದರೆ ಅಪಾಯ ಬಂದಾಗ ಅಂಗೈಯಿಂದ ಹೊಡೆದರೂ ಬಂದ್ ಆಗಬೇಕು. ಗುಂಡಿಯ ಜಾಗದ ಶಾಸ್ತ್ರವೆಲ್ಲ ಈ ಒಂದು ಡಬ್ಬಿಯಲ್ಲಿದೆ. ತಪ್ಪಿ ಒತ್ತಿದರೆ ಹಾನಿಯಾಗುವ ಗುಂಡಿ ಕಷ್ಟಪಟ್ಟು ಸಿಗಬೇಕು. ಆಪತ್ತಿಗೆ ಬೇಕಾಗುವ ಗುಂಡಿ ಕಣ್ಣು ಮುಚ್ಚಿದರೂ ಸಿಗಬೇಕು.

ವಿದ್ಯುತ್ತಿನ ಮಾತು ಬಂತು, ಒಂದು ಹೆಮ್ಮೆಯ ಸಂಗತಿ ಹೇಳಿಬಿಡುತ್ತೇನೆ. ನಮ್ಮ ಪಕ್ಕದ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಶುರುವಾಯಿತು. ದೇಶದಲ್ಲಿ ಮೊದಲು ಹುಟ್ಟಿದ ಇಂಥ ಐದು ಸಂಘಗಳಲ್ಲಿ ಅದೂ ಒಂದು. ಕರೆಂಟು ಎಂದರೆ ಊರಿನವರೇ ಸದಸ್ಯರಾಗಿ ನಡೆಸಿಕೊಳ್ಳಬಹುದಾದ ವಸ್ತು ಎಂದು ತೋರಿಸಿದ ನೆಲ ನಮ್ಮದು. ಯಂತ್ರ ಬಳಸುವವನೇ ಯಂತ್ರದ ಬಗ್ಗೆ ಮಾತಾಡಬೇಕು ಎಂಬ ನನ್ನ ಇವತ್ತಿನ ಮಾತಿಗೂ ಇದು ಹೊಂದುತ್ತದೆ.

ಇನ್ನು ಮೊಬೈಲಿನ ಅಂಕಿಗಳು. ಮಕ್ಕಳೇ, ಮನೆಗೆ ಹೋದಮೇಲೆ ಒಂದು ಕ್ಯಾಲ್ಕುಲೇಟರ್, ಒಂದು ಕೀಪ್ಯಾಡ್ ಫೋನ್ ಪಕ್ಕಪಕ್ಕ ಇಟ್ಟು ನೋಡಿ. ಕ್ಯಾಲ್ಕುಲೇಟರಿನಲ್ಲಿ 7, 8, 9 ಮೇಲಿನ ಸಾಲಿನಲ್ಲಿವೆ. ಫೋನಿನಲ್ಲಿ 1, 2, 3 ಮೇಲಿವೆ. ತಿರುಗಿಸುವ ಚಕ್ರದ ಫೋನಿನ ಬದಲು ಒತ್ತುವ ಫೋನ್ ಮಾಡಬೇಕೆಂದು ಅಮೆರಿಕದ ಬೆಲ್ ಪ್ರಯೋಗಾಲಯದವರು ಹೊರಟಾಗ ಅಂಕಿಗಳನ್ನು ದುಂಡಗೆ, ಅಡ್ಡಸಾಲಾಗಿ, ಉದ್ದಸಾಲಾಗಿ, ಹೀಗೆ ನಾನಾ ಥರ ಜೋಡಿಸಿ ಜನರ ಕೈಗೆ ಕೊಟ್ಟು ನೋಡಿದರು. ಎಷ್ಟು ಬೇಗ ಒತ್ತುತ್ತಾರೆ, ಎಷ್ಟು ತಪ್ಪು ಮಾಡುತ್ತಾರೆ, ಯಾವುದು ಇಷ್ಟವಾಯಿತು ಎಂದು ಬರೆದುಕೊಂಡು 1960ರಲ್ಲಿ ಅದನ್ನು ಪ್ರಕಟಿಸಿದರು. 1963ರಲ್ಲಿ ಒತ್ತುವ ಫೋನ್ ಮಾರುಕಟ್ಟೆಗೆ ಬಂತು. ಮೂರು ಸಾಲು, ಕೆಳಗೊಂದು ಸೊನ್ನೆ. ಇವತ್ತಿಗೂ ನಮ್ಮ ಕೈಯಲ್ಲಿರುವುದು ಅದೇ ಜೋಡಣೆ.

ಕೀಪ್ಯಾಡ್ ಫೋನಿನ 5ರ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ. ಬಹಳ ಜನ ಅದನ್ನು ಗಮನಿಸಿಯೇ ಇಲ್ಲ, ಆದರೆ ನಿಮ್ಮ ಬೆರಳು ಗಮನಿಸಿದೆ. ಅದು ನಟ್ಟ ನಡುವಿನ ಅಂಕಿ. ಅದು ಸಿಕ್ಕರೆ ಉಳಿದ ಒಂಬತ್ತೂ ಸಿಕ್ಕಂತೆ. ದೃಷ್ಟಿ ಇಲ್ಲದವರು ಆ ಒಂದು ಉಬ್ಬಿನ ಮೇಲೆ ಇಡೀ ಫೋನ್ ನಡೆಸುತ್ತಾರೆ.

ನಮ್ಮಪ್ಪ 2005ರಲ್ಲಿ ಗೋಕಾಕದಿಂದ ಒಂದು ನೋಕಿಯಾ 1100 ತಂದರು. ಅದು 2003ರಲ್ಲಿ ಬಂದ ಫೋನು, ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮಂಥ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ಮಾಡಿದ್ದರು. ಧೂಳು ಒಳಗೆ ಹೋಗದ ಹಾಗೆ ಗುಂಡಿಗಳ ಮೇಲೆ ಒಂದೇ ರಬ್ಬರಿನ ಹೊದಿಕೆ. ಬೆವರಿದ ಕೈಯಿಂದ ಜಾರದ ಹಾಗೆ ಪಕ್ಕದಲ್ಲಿ ಒರಟು ಪಟ್ಟಿ. ನೆತ್ತಿಯ ಮೇಲೆ ಟಾರ್ಚು. ಒಂದು ಗುಂಡಿ ಒತ್ತಿ ಹಿಡಿದರೆ ಸಾಕು, ಬೆಳಕು. ಅಪ್ಪ ಅದನ್ನು ಫೋನ್ ಎಂದು ಕರೆದದ್ದೇ ಕಡಿಮೆ, "ಬ್ಯಾಟರಿ ಕೊಡು" ಅನ್ನುತ್ತಿದ್ದರು. ನೀರು ಹಾಯಿಸಲು ಹೋದಾಗ ಬದುವಿನ ಮೇಲೆ ಹಾವು ಇದೆಯೋ ಇಲ್ಲವೋ ನೋಡಲು ಅವರಿಗೆ ಅಕ್ಷರ ಬೇಕಿರಲಿಲ್ಲ, ಮೆನು ಬೇಕಿರಲಿಲ್ಲ. ಹೆಬ್ಬೆರಳಿಗೆ ಜಾಗ ಗೊತ್ತಿತ್ತು.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

2018ರ ದೀಪಾವಳಿಗೆ ಊರಿಗೆ ಬಂದಾಗ ಅವ್ವನ ಹಳೆಯ ಫೋನ್ ಕಸಿದುಕೊಂಡು ದೊಡ್ಡ ಪರದೆಯ ಸ್ಮಾರ್ಟ್‌ಫೋನ್ ಕೊಟ್ಟೆ. ಮೊಮ್ಮಗಳ ಮುಖ ನೋಡಬಹುದು ಅಂತ. ಬೆರಳು ಹೀಗೆ ಎಳೆದರೆ ಕರೆ ಬರುತ್ತದೆ ಎಂದು ನಾಲ್ಕು ಸಲ ತೋರಿಸಿದೆ. ಅವ್ವ ಕಲಿತಳು. ನಾನು ಬೆಂಗಳೂರಿಗೆ ಹೋದೆ.

2019ರ ಆಗಸ್ಟ್ ತಿಂಗಳು ನಿಮಗೆ ಯಾರಿಗೂ ನೆನಪು ಮಾಡಿಕೊಡಬೇಕಾಗಿಲ್ಲ. ಹಿಡಕಲ್ ಜಲಾಶಯದಿಂದ ನೀರು ಬಿಟ್ಟರು, ಘಟಪ್ರಭೆ ಊರೊಳಗೆ ಬಂದಳು, ಗೋಕಾಕದ ಹತ್ತಿರ ಲೋಳಸೂರ ಸೇತುವೆ ಮುಳುಗಿತು. ನದಿದಂಡೆಯ ನಮ್ಮ ಓಣಿಯವರನ್ನೆಲ್ಲ ರಾತ್ರಿ ಈ ಶಾಲೆಗೆ ಕರೆತಂದರು. ಅವ್ವ ಇದ್ದದ್ದು ಎಂಟನೇ ತರಗತಿಯ ಕೋಣೆಯಲ್ಲಿ. ಅಪ್ಪ ದನಗಳನ್ನು ಬಿಚ್ಚಲು ಹಿಂದೆ ಉಳಿದಿದ್ದರು. ನಾನು ಬೆಂಗಳೂರಿನಲ್ಲಿ ಟಿವಿ ಮುಂದೆ ಕೂತು ಅವ್ವನಿಗೆ ಮೇಲಿಂದ ಮೇಲೆ ಫೋನ್ ಹಚ್ಚುತ್ತಿದ್ದೆ. ಒಮ್ಮೆ ರಿಂಗ್ ಆಗಿ ಆಗಿ ನಿಲ್ಲುತ್ತಿತ್ತು. ಮತ್ತೊಮ್ಮೆಯೂ ಅಷ್ಟೇ. ಎತ್ತುವವರಿಲ್ಲ. ಅಂಥ ರಾತ್ರಿಯಲ್ಲಿ ಮನಸ್ಸು ಎಲ್ಲೆಲ್ಲಿ ಹೋಗುತ್ತದೆ ಎಂದು ನಾನು ಇಲ್ಲಿ ಹೇಳುವುದಿಲ್ಲ.

ಫೋನು ಅವ್ವನ ಕೈಯಲ್ಲೇ ಇತ್ತು. ಮಳೆಯಲ್ಲಿ ನೆಂದ ಫೋನು, ನೆಂದ ಬೆರಳು. ಈಗಿನ ಪರದೆ ಒತ್ತಡಕ್ಕೆ ಕೆಲಸ ಮಾಡುವುದಿಲ್ಲ. ಪರದೆಯ ಕೆಳಗೆ ಸೂಕ್ಷ್ಮ ವಿದ್ಯುತ್ತಿನ ಬಲೆ ಇರುತ್ತದೆ. ನಮ್ಮ ಬೆರಳು ಹತ್ತಿರ ಬಂದಾಗ ಆ ಜಾಗದಲ್ಲಿ ಆಗುವ ಬದಲಾವಣೆಯನ್ನು ಅದು ಗುರುತಿಸುತ್ತದೆ. ನೀರಿನ ಹನಿಯೂ ಅದೇ ಬದಲಾವಣೆ ಮಾಡುತ್ತದೆ. ಹನಿ ಯಾವುದು, ಬೆರಳು ಯಾವುದು ಎಂದು ಯಂತ್ರಕ್ಕೆ ಗೊಂದಲವಾಗುತ್ತದೆ. ಅವ್ವ ಎಳೆದಳು, ಒರೆಸಿ ಎಳೆದಳು, ಸೆರಗೂ ಹಸಿ. ಕಡೆಗೆ ಹಳೆಯ ರೂಢಿಯಂತೆ ಪಕ್ಕದಲ್ಲಿ ಬೆರಳಿಗೆ ಸಿಕ್ಕ ಗುಂಡಿ ಒತ್ತಿದಳು. ಅದು ಪವರ್ ಗುಂಡಿ. ಕರೆ ಬರುವಾಗ ಅದನ್ನು ಒತ್ತಿದರೆ ಸದ್ದು ನಿಲ್ಲುತ್ತದೆ, ಅಷ್ಟೇ. ಆಮೇಲೆ ಅವಳೇ ಹೇಳಿದ ಮಾತು: "ಯಪ್ಪಾ, ಅದು ಹೊಡಕೊಳ್ಳಾಕತ್ತಿತ್ತು. ನಾ ಒತ್ತಿದ ಕೂಡ್ಲೇ ಸುಮ್ಮನಾತು. ನಾನೇ ಕೆಡಿಸಿದ್ನೇನೋ ಅಂತ ಅಂಜಿ ಕೂತೆ."

ರಾತ್ರಿ ಒಂದು ಗಂಟೆಯ ಮೇಲೆ ನಮ್ಮ ಶಾಲೆಯ ಒಬ್ಬ ಗುರುಗಳ ಹಳೆಯ ಕೀಪ್ಯಾಡ್ ಫೋನಿನಿಂದ ಕರೆ ಬಂತು. ಹಸಿರು ಗುಂಡಿ, ಹಸಿ ಕೈ, ಆದರೂ ಕೆಲಸ ಮಾಡಿತು. ಅವ್ವ ಕ್ಷೇಮ. ಬೆಳಗಾಗುವುದರೊಳಗೆ ಅಪ್ಪನೂ ದನಗಳ ಸಮೇತ ಬಂದರು. ನಮ್ಮ ಮನೆಯ ಗೋಡೆ ಹೋಯಿತು, ಜೀವ ಉಳಿಯಿತು. ಎಲ್ಲರ ಮನೆಯಲ್ಲೂ ಹಾಗಾಗಲಿಲ್ಲ ಎಂಬುದನ್ನು ನಾನು ಮರೆತಿಲ್ಲ.

ಇದರಲ್ಲಿ ಅವ್ವನ ತಪ್ಪೇನಿತ್ತು? ಏನೂ ಇಲ್ಲ. ಕೆಲವು ಫೋನುಗಳಲ್ಲಿ ವಾಲ್ಯೂಮ್ ಹೆಚ್ಚು ಮಾಡುವ ಗುಂಡಿ ಒತ್ತಿದರೆ ಕರೆ ಸ್ವೀಕಾರವಾಗುವ ಹಾಗೆ ಹೊಂದಿಸಿಡಬಹುದು. ನಾನು ಕೊಟ್ಟ ಫೋನಿನಲ್ಲಿ ಆ ಸೌಲಭ್ಯ ಇತ್ತು. ಅದು ಇದೆ ಎಂದು ನನಗೆ ಗೊತ್ತಿತ್ತು, ನನ್ನ ಹೊಟ್ಟೆಪಾಡೇ ಅದು. ಎರಡು ನಿಮಿಷದ ಕೆಲಸ. ಮಾಡಿಕೊಡಲಿಲ್ಲ. ಒಣಗಿದ ಕೈಯಲ್ಲಿ, ಬೆಳಕಿನಲ್ಲಿ, ಮಗ ಪಕ್ಕದಲ್ಲಿದ್ದಾಗ ಮಾತ್ರ ಅವ್ವ ಫೋನ್ ಬಳಸುತ್ತಾಳೆ ಅಂದುಕೊಂಡಿದ್ದೆ.

ಅಲ್ಲಿಂದ ಮುಂದೆ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಆಗ ನಾನಿದ್ದ ಕಂಪನಿ ಅಂಗಡಿಯವರಿಗೆ ಬಿಲ್ ಹರಿಯುವ ಕೈಯಂತ್ರ ಮಾಡುತ್ತಿತ್ತು. ಅದನ್ನು ನಾವು ಬೆಂಗಳೂರಿನ ಎಸಿ ಕೋಣೆಯಲ್ಲಿ ಪರೀಕ್ಷೆ ಮಾಡಿ ಚೆನ್ನಾಗಿದೆ ಎಂದಿದ್ದೆವು. ಊರಿಗೆ ಬಂದಾಗ ಹುಕ್ಕೇರಿ ಪೇಟೆಯಲ್ಲಿ ಪರಿಚಯದ ಕಿರಾಣಿ ವ್ಯಾಪಾರಿಯೊಬ್ಬರಿಗೆ ಒಂದನ್ನು ಕೊಟ್ಟು ಸಂತೆಯ ದಿನ ಬಂದು ಪಕ್ಕದಲ್ಲಿ ಕೂತೆ. ಅರ್ಧ ದಿನದಲ್ಲಿ ನಮ್ಮ ಮೂರು ತಪ್ಪು ಕಂಡವು.

ಒಂದು, ಬಿಲ್ ಮುದ್ರಿಸುವ ಗುಂಡಿಯ ಪಕ್ಕದಲ್ಲೇ ಬಿಲ್ ರದ್ದು ಮಾಡುವ ಗುಂಡಿ ಇಟ್ಟಿದ್ದೆವು. ಎರಡೂ ಒಂದೇ ಅಳತೆ. ಗಿರಾಕಿಗಳ ಗದ್ದಲದಲ್ಲಿ ಹೆಬ್ಬೆರಳು ಅರ್ಧ ಇಂಚು ಸರಿದರೆ ಹತ್ತು ಸಾಮಾನಿನ ಲೆಕ್ಕ ಹೋಯಿತು. ಎರಡು, ಚಾರ್ಜರಿನ ತೂತು ಯಂತ್ರದ ಬುಡದಲ್ಲಿತ್ತು. ಗಲ್ಲೆಯ ಮೇಲೆ ನಿಲ್ಲಿಸಿ ಚಾರ್ಜ್ ಮಾಡಲು ಆಗುವುದಿಲ್ಲ, ವೈರಿನ ಮೇಲೆ ಯಂತ್ರದ ಭಾರ ಬಿದ್ದು ತೂತು ಸಡಿಲವಾಗುತ್ತದೆ. ಅವರು ಯಂತ್ರವನ್ನು ತಲೆಕೆಳಗಾಗಿ ಸಕ್ಕರೆ ಡಬ್ಬಿಗೆ ಆನಿಸಿಟ್ಟಿದ್ದರು. ಮೂರು, ಆ ತೂತು ಹಿಟ್ಟು, ಬೆಲ್ಲದ ಧೂಳಿನ ಮಟ್ಟಕ್ಕೇ ಇತ್ತು.

ಆದರೆ ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಮೊದಲ ತಪ್ಪಿಗೆ ತಾವೇ ಮದ್ದು ಕಂಡುಕೊಂಡಿದ್ದರು. ಮುದ್ರಿಸುವ ಗುಂಡಿಯ ಮೇಲೆ ಹೆಂಡತಿಯ ಹಣೆಗೆ ಹಚ್ಚುವ ಟಿಕಳಿ ಅಂಟಿಸಿದ್ದರು. ಮಣಿ ಇರುವ ಟಿಕಳಿ. ಬೆರಳಿಗೆ ತಾಗಿದರೆ ಅದು ಸರಿಯಾದ ಗುಂಡಿ. ಫೋನಿನ 5ರ ಮೇಲಿನ ಉಬ್ಬನ್ನು ಹುಕ್ಕೇರಿಯ ವ್ಯಾಪಾರಿ ಯಾರೂ ಹೇಳಿಕೊಡದೆ ಮಾಡಿಕೊಂಡಿದ್ದರು. ಮುಂದಿನ ಮಾದರಿಯಲ್ಲಿ ನಾವು ರದ್ದು ಗುಂಡಿಯನ್ನು ಮೇಲಿನ ಮೂಲೆಗೆ ಒಯ್ದೆವು, ಅದನ್ನು ಒತ್ತಿ ಹಿಡಿದರೆ ಮಾತ್ರ ಕೆಲಸ ಮಾಡುವಂತೆ ಮಾಡಿದೆವು, ಮುದ್ರಿಸುವ ಗುಂಡಿಗೆ ಉಬ್ಬು ಕೊಟ್ಟೆವು, ಚಾರ್ಜರನ್ನು ಪಕ್ಕಕ್ಕೆ ತಂದೆವು. ಆ ಸಭೆಯಲ್ಲಿ ನಾನು ತೋರಿಸಿದ ಸಾಕ್ಷಿ ಒಂದೇ, ಆ ಟಿಕಳಿಯ ಫೋಟೋ.

ಅಪಾಯದ ಗುಂಡಿಯನ್ನು ಹೇಗೆ ಬಚ್ಚಿಡಬೇಕು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ತಯಾರಾಗುವ ಒಂದು ಯಂತ್ರ ನೋಡಿ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮಾಡುವ ಮತಯಂತ್ರ. ಅದು ಕೈಯಲ್ಲಿ ಹಿಡಿಯುವ ಯಂತ್ರವಲ್ಲ, ಆದರೆ ಪಾಠ ಅದೇ. ಮತದಾರನ ಮುಂದಿನ ಡಬ್ಬಿಯಲ್ಲಿ 16 ಗುಂಡಿ, ಪ್ರತಿಯೊಂದರ ಪಕ್ಕದಲ್ಲಿ ಬ್ರೈಲ್ ಗುರುತು. ಅಧಿಕಾರಿಯ ಮುಂದಿನ ಡಬ್ಬಿಯಲ್ಲಿ ಪದೇ ಪದೇ ಬೇಕಾಗುವ ಬ್ಯಾಲೆಟ್ ಗುಂಡಿ ದೊಡ್ಡದಾಗಿ ಎದುರಿಗೇ ಇರುತ್ತದೆ. ಮತದಾನ ಮುಗಿಸುವ ಗುಂಡಿಗೆ ಮುಚ್ಚಳ. ಫಲಿತಾಂಶದ ಗುಂಡಿ ಇನ್ನೂ ಒಳಗೆ, ಮೊಹರು ಹಾಕಿದ ಬಾಗಿಲಿನ ಹಿಂದೆ. ಹಿರಿಯರಿಗೆ ನೆನಪಿರಬಹುದು, 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರಕ್ಕೆ 456 ಅಭ್ಯರ್ಥಿಗಳಿದ್ದರು. ಒಬ್ಬರಿಗೊಂದು ಗುಂಡಿ ಎಂದರೆ 16ರಂತೆ 29 ಡಬ್ಬಿ ಜೋಡಿಸಬೇಕಿತ್ತು, ಆ ಕಾಲದ ಯಂತ್ರಕ್ಕೆ ಜೋಡಿಸಬಹುದಾಗಿದ್ದದ್ದು ನಾಲ್ಕೇ. ಗುಂಡಿ ಎಷ್ಟಿರಬೇಕು ಎಂಬುದೂ ಒಂದು ಪ್ರಶ್ನೆಯೇ.

ಇನ್ನು ಚಾರ್ಜರಿನ ತೂತು. ಈ ವಿಷಯದಲ್ಲಿ ನನ್ನ ಗುರು ಇದೇ ಶಾಲೆಯಲ್ಲಿ ನನ್ನ ಜೊತೆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ. ಮೂಡಲಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಇವತ್ತು ಸಭೆಯಲ್ಲೂ ಇದ್ದಾನೆ. ಅವನ ಅಂಗಡಿಯಲ್ಲಿ ಕಿತ್ತು ಹಾಕಿದ ತೂತುಗಳ ಒಂದು ಡಬ್ಬಿ ಇದೆ. ನಾನು ಪುಸ್ತಕದಲ್ಲಿ ಓದಿದ್ದನ್ನು ಅವನು ಆ ಡಬ್ಬಿಯಲ್ಲಿ ತೋರಿಸಿದ.

ಯುಎಸ್‌ಬಿ ಎಂಬ ಜೋಡಣೆ 1996ರಲ್ಲಿ ಬಂತು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಬರೋಡಾದಲ್ಲಿ ಓದಿದ ನಮ್ಮ ದೇಶದವರೇ ಆದ ಅಜಯ್ ಭಟ್. ಆ ಚಪ್ಪಟೆ ಪಿನ್ ಯಾವಾಗಲೂ ಮೊದಲ ಸಲ ಉಲ್ಟಾ ಆಗಿಯೇ ಹೋಗುತ್ತದೆ ಎಂದು ನಾವೆಲ್ಲ ಬೈಯುತ್ತೇವೆ. ಎರಡೂ ಕಡೆಯಿಂದ ಹೋಗುವಂತೆ ಮಾಡಿದ್ದರೆ ತಂತಿಗಳೂ ಖರ್ಚೂ ಎರಡರಷ್ಟಾಗುತ್ತಿದ್ದವು, ಅಗ್ಗವಾಗಿ ಎಲ್ಲರಿಗೂ ಮುಟ್ಟಲಿ ಎಂದು ಹಾಗೆ ಮಾಡಿದೆವು ಎಂದು ಅವರೇ ಆಮೇಲೆ ವಿವರಿಸಿದ್ದಾರೆ. 2014ರಲ್ಲಿ ಬಂದ ಟೈಪ್-ಸಿ ಆ ಕೊರತೆ ತುಂಬಿತು. ಹಳೆಯದರಲ್ಲಿ 4 ಸಂಪರ್ಕಗಳಿದ್ದರೆ ಇದರಲ್ಲಿ 24, ಮೇಲೆ ಕೆಳಗೆ ಸರಿಸಮ. ಕತ್ತಲಲ್ಲಿ ಹೇಗೆ ಹಾಕಿದರೂ ಕೂರುತ್ತದೆ. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಇದೇ ತೂತು ಕಡ್ಡಾಯ.

ಇನ್ನೊಂದು ಜಾಣತನ ಒಳಗಡೆ ಇದೆ. ಮೈಕ್ರೋ ಯುಎಸ್‌ಬಿಯಿಂದ ಈಚೆಗೆ ಹಿಡಿದಿಟ್ಟುಕೊಳ್ಳುವ ಸಣ್ಣ ಸ್ಪ್ರಿಂಗನ್ನು ಫೋನಿನಿಂದ ತೆಗೆದು ವೈರಿನ ತುದಿಗೆ ಹಾಕಿದರು. ಯಾಕೆಂದರೆ ಸವೆಯುವುದು ಸ್ಪ್ರಿಂಗ್. ವೈರು ಹೋದರೆ ನೂರು ರೂಪಾಯಿ, ಫೋನು ಹೋದರೆ ಹತ್ತು ಸಾವಿರ. ನಮ್ಮ ಹಿರಿಯರಿಗೆ ಇದು ಹೊಸತಲ್ಲ. ನೇಗಿಲಿಗೆ ಕುಳ ಬೇರೆ ಹಾಕಿದ್ದು ಯಾಕೆ? ಕುಳ ಸವೆಯಲಿ, ನೇಗಿಲು ಉಳಿಯಲಿ ಅಂತ. ಹಾಗಾದರೂ ಗೆಳೆಯನ ಡಬ್ಬಿ ತುಂಬುವುದು ಯಾಕೆ? ಅವನು ಹೇಳುವುದು ಎರಡೇ ಕಾರಣ. ಚಾರ್ಜಿಗೆ ಹಾಕಿಕೊಂಡೇ ಮಲಗಿ ಆಟ ಆಡುವುದು, ಆಗ ವೈರು ಬಗ್ಗಿ ತೂತಿನ ಬುಡ ಸಡಿಲವಾಗುತ್ತದೆ. ಇನ್ನೊಂದು, ಕಿಸೆಯ ಧೂಳು, ಹತ್ತಿ ಒಳಗೆ ಕೂತಾಗ ಸೂಜಿ ಹಾಕಿ ಕೆದರುವುದು. "ಫೋನ್ ಬಂದ್ ಮಾಡಿ, ಒಣ ಕಟ್ಟಿಗಿ ಕಡ್ಡೀಲೆ ಹಗೂರಕ ತಗೀರಿ ಅಂತ ಹೇಳಿ ಹೇಳಿ ಸಾಕಾತು" ಎನ್ನುತ್ತಾನೆ. ತೂತು ನೆಂದಿದ್ದರೆ ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಬೇಡಿ. ಹಸಿಯಲ್ಲಿ ವಿದ್ಯುತ್ ಹರಿದರೆ ಒಳಗಿನ ಸಂಪರ್ಕಗಳು ಕಿಲುಬು ಹಿಡಿಯುತ್ತವೆ.

ಕೊನೆಯದಾಗಿ, ತಾಯಂದಿರು, ಹೆಣ್ಣುಮಕ್ಕಳು ವಿಶೇಷವಾಗಿ ಕೇಳಬೇಕಾದ ಮಾತು. ನಮ್ಮ ದೇಶದ ಸರ್ಕಾರ 2016ರಲ್ಲಿ ಒಂದು ನಿಯಮ ಮಾಡಿತು. 2017ರ ಜನವರಿ 1ರಿಂದ ಮಾರಾಟವಾಗುವ ಪ್ರತಿ ಮೊಬೈಲಿನಲ್ಲೂ ಆಪತ್ತಿನ ಗುಂಡಿ ಇರಬೇಕು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಅನ್ನು ಒತ್ತಿ ಹಿಡಿಯುವುದು. ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಸಲ ಒತ್ತುವುದು. ಕೆಲವು ಫೋನುಗಳಲ್ಲಿ ಇದು ಐದು ಸಲ ಇದೆ, ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಬೇಕು. ಕರೆ 112ಕ್ಕೆ ಹೋಗುತ್ತದೆ. ಇದಕ್ಕೆ ಪರದೆ ಕಾಣಬೇಕಾಗಿಲ್ಲ, ಕೈ ಒಣಗಿರಬೇಕಾಗಿಲ್ಲ, ಫೋನನ್ನು ಚೀಲದಿಂದ ಹೊರಗೆ ತೆಗೆಯಬೇಕಾಗಿಯೂ ಇಲ್ಲ. ನಾನು ಊರಿನಲ್ಲಿ ಕೇಳಿದವರಲ್ಲಿ ಇದು ಗೊತ್ತಿದ್ದವರು ಬಹಳ ಕಡಿಮೆ. ಇರುವ ಗುಂಡಿ ಗೊತ್ತಿಲ್ಲದಿದ್ದರೆ ಅದು ಇಲ್ಲದಂತೆಯೇ. ಅವ್ವನಿಗೆ ಆ ರಾತ್ರಿ ಆದದ್ದೂ ಅದೇ.

ಆದ್ದರಿಂದ ಭಾಷಣಕ್ಕಿಂತ ಹೆಚ್ಚಿನದನ್ನು ಮಾಡಬೇಕೆಂದು ನಾನು, ನನ್ನ ಮೂಡಲಗಿಯ ಗೆಳೆಯ ನಿಶ್ಚಯಿಸಿದ್ದೇವೆ. ಊಟವಾದ ಮೇಲೆ ಸಂಜೆ ತನಕ ನಾವಿಬ್ಬರೂ ಎಂಟನೇ ತರಗತಿಯ ಕೋಣೆಯಲ್ಲಿ ಕೂರುತ್ತೇವೆ. ನಿಮ್ಮ ಫೋನ್ ತನ್ನಿ. ಆಪತ್ತಿನ ಗುಂಡಿ ಹೊಂದಿಸಿ, ಮನೆಯವರ ನಂಬರ್ ಸೇರಿಸಿ ಕೊಡುತ್ತೇವೆ. ಗುಂಡಿಯಿಂದ ಕರೆ ಎತ್ತುವ ಸೌಲಭ್ಯವಿದ್ದರೆ ಚಾಲೂ ಮಾಡುತ್ತೇವೆ. ಚಾರ್ಜರಿನ ತೂತು ಸ್ವಚ್ಛ ಮಾಡುತ್ತೇವೆ. ಕಣ್ಣು ಮಂಜಾದ ಹಿರಿಯರ ಫೋನಿಗೆ ಅಂಟಿಸಲು ಒಂದು ಹಾಳೆ ಟಿಕಳಿಯನ್ನೂ ತಂದಿದ್ದೇನೆ, ನಗಬೇಡಿ. ಮಕ್ಕಳೇ, ನೀವು ಬಂದು ಕಲಿತು ನಿಮ್ಮ ಓಣಿಯ ಅಜ್ಜ ಅಜ್ಜಿಯರಿಗೆ ಮಾಡಿಕೊಡಬೇಕು. ಆದರೆ ಪರೀಕ್ಷೆ ಮಾಡಲೆಂದು 112ಕ್ಕೆ ಸುಮ್ಮನೆ ಕರೆ ಮಾಡಬೇಡಿ, ಅದೇ ಹೊತ್ತಿಗೆ ಯಾರಿಗೋ ನಿಜವಾಗಿ ಬೇಕಾಗಿರುತ್ತದೆ.

ಮಕ್ಕಳಿಗೆ ಇನ್ನೊಂದು ಮಾತು. ಯಾವುದಾದರೂ ಯಂತ್ರ ನಿಮ್ಮ ಅಜ್ಜಿಯ ಕೈಗೆ ಒಗ್ಗದಿದ್ದರೆ "ಅಜ್ಜಿಗೆ ತಿಳಿಯೂದಿಲ್ಲ" ಅನ್ನಬೇಡಿ. ಯಂತ್ರ ಮಾಡಿದವನಿಗೆ ಅಜ್ಜಿ ತಿಳಿದಿಲ್ಲ ಅನ್ನಿ. ಹಾಗೆ ಹೇಳುವುದನ್ನು ಕಲಿತ ಮಕ್ಕಳು ಈ ಶಾಲೆಯಿಂದ ಎಂಜಿನಿಯರುಗಳಾಗಿ ಬಂದರೆ ನಮ್ಮ ಹೊಲ, ನಮ್ಮ ಮಳೆ, ನಮ್ಮ ಕತ್ತಲು ಗೊತ್ತಿರುವ ಯಂತ್ರಗಳು ಬರುತ್ತವೆ.

ಪ್ರವಾಹದ ಆ ರಾತ್ರಿ ನನ್ನ ತಾಯಿಗೆ ಮತ್ತು ನಮ್ಮ ಓಣಿಗೆ ಬಾಗಿಲು ತೆರೆದ ಈ ಶಾಲೆಗೆ, ತಮ್ಮ ಫೋನ್ ಕೊಟ್ಟ ಆ ಗುರುಗಳಿಗೆ ನಾನು ಋಣಿ. ಐವತ್ತು ವರ್ಷದ ಈ ಶಾಲೆ ನೂರು ಕಾಣಲಿ.